ಮಗುವಿನ ಊರು ಯಾವುದು?

ಶನಿವಾರ ರಾತ್ರಿ. ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಚೆನ್ನೈ ಕಡೆಗೆ ಹೊರಡುವ ಗಾಡಿ ನಿಂತಿದೆ. ಸ್ಲೀಪರ್ ಬೋಗಿಯ ಬಾಗಿಲಲ್ಲಿ ಒಬ್ಬ ತಂದೆ. ಬೆನ್ನಿಗೆ ಒಂದು ಬ್ಯಾಗು, ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಆರು ವರ್ಷದ ಮಗಳಿಗೆ ಒಂದು ಜೊತೆ ಶೂ. ಅಳತೆ ಸರಿಯಿದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ. ಮಗಳ ಪಾದ ನೋಡಿ ಮೂರು ತಿಂಗಳಾಯಿತು, ಆ ವಯಸ್ಸಿನಲ್ಲಿ ಕಾಲು ಯಾರಿಗಾಗಿಯೂ ಕಾಯುವುದಿಲ್ಲ. ಅಂಗಡಿಯವನನ್ನು ಕೇಳಿ ಒಂದು ಸೈಜು ದೊಡ್ಡದನ್ನೇ ತಂದಿದ್ದಾನೆ.

ಕೋರ್ಟು ಕೊಟ್ಟಿರುವ ವೇಳೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಮೊದಲ ಅರ್ಧ ಗಂಟೆ ಮಗಳು ಅಜ್ಜಿಯ ಸೆರಗು ಬಿಡುವುದಿಲ್ಲ. ಆಮೇಲೆ ಮೆಲ್ಲಗೆ ಹತ್ತಿರ ಬರುತ್ತಾಳೆ. ಅವನು ಕನ್ನಡದಲ್ಲಿ ಕೇಳುತ್ತಾನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮಾತು ಕುದುರುವ ಹೊತ್ತಿಗೆ ಹನ್ನೆರಡು ಹೊಡೆದಿರುತ್ತದೆ. ಸಂಜೆಯ ಗಾಡಿ ಹಿಡಿದು ಅವನು ವಾಪಸು.

ಅದೇ ರಾತ್ರಿ ಪುಣೆಯಿಂದ ಹುಬ್ಬಳ್ಳಿಗೆ ಬರುವ ಬಸ್ಸಿನ ಕಿಟಕಿ ಸೀಟಿನಲ್ಲಿ ಒಬ್ಬ ತಾಯಿಯೂ ಕೂತಿರಬಹುದು. ಮಗ ಅಪ್ಪನ ಮನೆಯಲ್ಲಿ ಅಜ್ಜ–ಅಜ್ಜಿಯ ಜೊತೆಗಿದ್ದಾನೆ. ಅವಳ ಕೈಯಲ್ಲೂ ಒಂದು ಆದೇಶದ ಪ್ರತಿ ಇದೆ, ಅದರಲ್ಲೂ ಗಂಟೆಗಳ ಲೆಕ್ಕವಿದೆ.

ಗಂಡ–ಹೆಂಡತಿ ಬೇರೆಯಾದಾಗ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆ ಹಳೆಯದು. ಬೇರೆಯಾದವರು ಎರಡು ರಾಜ್ಯಗಳಲ್ಲಿ ನೆಲೆಸಿದಾಗ ಅದಕ್ಕೂ ಮುಂಚಿನ ಪ್ರಶ್ನೆಯೊಂದು ಅಡ್ಡ ಬರುತ್ತದೆ: ಇದನ್ನು ತೀರ್ಮಾನಿಸಬೇಕಾದ ಕೋರ್ಟು ಯಾವ ಊರಿನದು? ಎಷ್ಟೋ ಪ್ರಕರಣಗಳಲ್ಲಿ ಮಗುವಿನ ಬಾಲ್ಯದ ಒಂದು ತುಂಡು ಈ ಪ್ರಶ್ನೆಯಲ್ಲೇ ಕಳೆದುಹೋಗುತ್ತದೆ.

ಜಗಳ ಗಡಿ ದಾಟುವ ಬಗೆ

ಇಂಥ ಕುಟುಂಬಗಳು ಈಗ ಅಪರೂಪವಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ದಾವಣಗೆರೆಯ ಹುಡುಗ, ಹೈದರಾಬಾದಿನ ಹುಡುಗಿ. ಮದುವೆ, ಬಾಡಿಗೆ ಮನೆ, ಮಗು. ಸಂಸಾರ ಕೆಟ್ಟಾಗ ಆ ಬಾಡಿಗೆ ಮನೆ ಇಬ್ಬರಿಗೂ ಊರಾಗಿ ಉಳಿಯುವುದಿಲ್ಲ. ಅವಳು ತವರಿಗೆ ಹೋಗುತ್ತಾಳೆ, ಸೊಂಟದ ಮೇಲೆ ಮಗು. ಇಲ್ಲವೇ ಅವನು ಮಗುವನ್ನು ತನ್ನ ತಾಯಿಯ ಬಳಿ ಬಿಟ್ಟು ಬರುತ್ತಾನೆ. ‘ನಾಲ್ಕು ದಿನ ಇದ್ದು ಬರಲಿ’ ಎಂದು ಹೊರಟದ್ದು ನಾಲ್ಕು ತಿಂಗಳಾಗುತ್ತದೆ.

ಹೀಗೆ ಹೊರಟವರೆಲ್ಲ ಮಗುವನ್ನು ಕದ್ದು ಒಯ್ದವರೆಂದು ತಿಳಿಯುವುದು ಅನ್ಯಾಯ. ಹೊಡೆತ ತಿಂದು, ಉಟ್ಟ ಬಟ್ಟೆಯಲ್ಲಿ ರಾತ್ರಿ ಬಸ್ಸು ಹತ್ತಿದ ಹೆಣ್ಣುಮಗಳಿಗೆ ತವರಲ್ಲದೆ ಬೇರೆ ದಿಕ್ಕಿರುವುದಿಲ್ಲ, ಮಗುವನ್ನು ಅಲ್ಲೇ ಬಿಟ್ಟು ಬರುವುದೂ ಅವಳಿಂದ ಆಗದು. ಹಾಗೆಯೇ, ಬೆಳಿಗ್ಗೆ ಶಾಲೆಗೆ ಬಿಟ್ಟ ಮಗುವನ್ನು ಸಂಜೆ ಕರೆತರಲು ಹೋದಾಗ ‘ಟಿ.ಸಿ. ತೆಗೆದುಕೊಂಡು ಹೋದರಲ್ಲ’ ಎಂಬ ಮಾತು ಕೇಳಿ ಗೇಟಿನ ಬಳಿ ನಿಂತುಬಿಟ್ಟ ತಂದೆ–ತಾಯಿಯರೂ ಇದ್ದಾರೆ. ಹೊರಗಿನವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಕೋರ್ಟಿಗೂ ಮೊದಲ ದಿನ ಹಾಗೆಯೇ ಕಾಣುತ್ತವೆ.

ಎರಡು ಪದ, ಒಂದು ಕಾನೂನು

ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲಿ ಇರುವುದು ‘ಕಸ್ಟಡಿ’ ಎಂಬ ಪದ. ಆರೋಪಿಯನ್ನು ಪೊಲೀಸರು ಇಟ್ಟುಕೊಳ್ಳುವುದಕ್ಕೂ ಮಗುವನ್ನು ತಾಯಿ ಇಟ್ಟುಕೊಳ್ಳುವುದಕ್ಕೂ ಒಂದೇ ಪದವಾಗಿರುವುದು ನನಗೆ ಎಂದೂ ಸರಿಕಂಡಿಲ್ಲ. ಮಗು ದಿನನಿತ್ಯ ಯಾರ ಮನೆಯಲ್ಲಿ ಉಣ್ಣುತ್ತದೆ, ಮಲಗುತ್ತದೆ, ಶಾಲೆಗೆ ಹೊರಡುತ್ತದೆ ಎಂಬುದು ಕಸ್ಟಡಿ, ಅಂದರೆ ಸುಪರ್ದಿ. ಮಗುವಿನ ಪರವಾಗಿ ಸಹಿ ಹಾಕುವ, ಆಸ್ತಿ ನೋಡಿಕೊಳ್ಳುವ, ದೊಡ್ಡ ತೀರ್ಮಾನ ಮಾಡುವ ಅಧಿಕಾರ ಪಾಲಕತ್ವ. ಒಬ್ಬರ ಬಳಿ ಸುಪರ್ದಿ ಇದ್ದು, ಇಬ್ಬರೂ ಪಾಲಕರಾಗಿ ಉಳಿಯಬಹುದು.

ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಅದೇ ಕಾಯ್ದೆ ಸಹಜ ಪಾಲಕ ಯಾರೆಂದು ಹೇಳುವಾಗ ಮೊದಲು ತಂದೆ, ‘ಅವನ ನಂತರ’ ತಾಯಿ ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ತಾಯಿಯ ಸಹಿ ಸಾಲದೆಂಬ ಉತ್ತರ ಬಂತು. ಅವರು ರಿಸರ್ವ್ ಬ್ಯಾಂಕಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದು ಓದಬೇಕಿಲ್ಲ, ತಂದೆ ಮಗುವಿನ ಹೊಣೆ ಹೊರದೆ ಇದ್ದಾಗಲೂ ತಾಯಿಯೇ ಪಾಲಕಿ ಎಂದು ನ್ಯಾಯಾಲಯ 1999ರಲ್ಲಿ ಹೇಳಿತು. ಮುಸ್ಲಿಮರಿಗೆ, ಕ್ರೈಸ್ತರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಬೇರೆ ಬೇರೆ ನಿಯಮಗಳಿವೆ. ಆದರೆ ಕೊನೆಗೆ ಎಲ್ಲ ದಾರಿಗಳೂ ಮಗುವಿನ ಕ್ಷೇಮವೇ ಮೊದಲು ಎಂಬಲ್ಲಿಗೆ ಬಂದು ಸೇರುತ್ತವೆ. ಮಕ್ಕಳು ತಂದೆ–ತಾಯಿಯ ಸ್ವತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಷ್ಟು ಹಿಂದೆಯೇ ಹೇಳಿತ್ತು.

ಧರ್ಮ ಯಾವುದೇ ಇರಲಿ, ಅರ್ಜಿ ಸಲ್ಲಿಸುವ ಜಾಗ ಗೊತ್ತುಮಾಡುವುದು 1956ರ ಕಾಯ್ದೆಗಿಂತ ಹಳೆಯ ಕಾನೂನು: 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ವಕೀಲರು ‘ಜಿ ಅಂಡ್ ಡಬ್ಲ್ಯು ಕೇಸು’ ಎನ್ನುವುದು ಇದನ್ನೇ. ಕಾಯ್ದೆಯ ಒಂಬತ್ತನೇ ಕಲಮಿನ ಪ್ರಕಾರ ಮಗು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದ ನ್ಯಾಯಾಲಯಕ್ಕೆ ಈ ಅಧಿಕಾರ. ಸಾಮಾನ್ಯವಾಗಿ ವಾಸ ಎಂದರೆ ಎಷ್ಟು ದಿನ? ಕಾಯ್ದೆ ಹೇಳುವುದಿಲ್ಲ. 1890ರಲ್ಲಿ ಹೇಳುವ ಅಗತ್ಯವೂ ಬಿದ್ದಿರಲಿಕ್ಕಿಲ್ಲ. ಮಗು ಹುಟ್ಟಿದ ಊರಲ್ಲೇ ಬೆಳೆಯುತ್ತಿದ್ದ ಕಾಲ ಅದು.

ಹಾಜರಿ ಪುಸ್ತಕ ಬರೆಯುವ ತೀರ್ಪು

‘ಸಾಮಾನ್ಯವಾಗಿ ವಾಸಿಸುವ’ ಎಂಬ ಪದಗಳ ಅರ್ಥ 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅಮೆರಿಕದಲ್ಲಿದ್ದ ಕುಟುಂಬವೊಂದು ಭಾರತಕ್ಕೆ ಬಂದಿತ್ತು. ತಾಯಿ ವಾಪಸು ಹೋಗದೆ ಮಗನನ್ನು ದೆಹಲಿಯಲ್ಲೇ ಶಾಲೆಗೆ ಸೇರಿಸಿ, ಅಲ್ಲಿಯೇ ಅರ್ಜಿ ಹಾಕಿದ್ದರು. ದೆಹಲಿ ಹೈಕೋರ್ಟು ಇಲ್ಲಿಗೆ ಅಧಿಕಾರವಿಲ್ಲವೆಂದಿತು, ಸುಪ್ರೀಂ ಕೋರ್ಟು ಇದೆಯೆಂದಿತು. ಸಾಮಾನ್ಯ ವಾಸ ಎಂಬುದು ಮುಖ್ಯವಾಗಿ ವಾಸ್ತವದ ಪ್ರಶ್ನೆ, ಅಲ್ಲಿ ನೆಲೆನಿಲ್ಲುವ ಉದ್ದೇಶವಿತ್ತೇ ಎಂದು ಸಾಕ್ಷ್ಯ ನೋಡಿ ಹೇಳಬೇಕು ಎಂಬುದು ಆ ತೀರ್ಪಿನ ತಿರುಳು.

ತತ್ವವಾಗಿ ಇದು ಸರಿಯೇ. ಆದರೆ ಸಾಕ್ಷ್ಯ ಎಂದರೇನು ಎಂದು ನೋಡಿ. ಶಾಲೆಯ ಹಾಜರಿ ಪುಸ್ತಕ, ಲಸಿಕೆಯ ಕಾರ್ಡು, ವಿಳಾಸ ಬದಲಿಸಿದ ಆಧಾರ್, ಪಕ್ಕದ ಮನೆಯವರ ಹೇಳಿಕೆ. ಇವೆಲ್ಲ ದಿನ ಕಳೆದಂತೆ ತಾವಾಗಿ ಕೂಡಿಕೊಳ್ಳುವ ಕಾಗದಗಳು. ಮಗು ಹೊಸ ಊರಿಗೆ ಹೋದ ವಾರ ಅದರ ಊರು ಹಳೆಯದೇ. ಜೂನ್‌ನಲ್ಲಿ ಶಾಲೆಗೆ ಸೇರಿತು, ದಸರಾ ರಜೆ ಬಂತು, ಗೆಳೆಯರಾದರು, ವಾರ್ಷಿಕೋತ್ಸವದಲ್ಲಿ ಕುಣಿಯಿತು. ಅಷ್ಟರಲ್ಲಿ ಅದರ ಊರು ಬದಲಾಗಿಬಿಟ್ಟಿರುತ್ತದೆ. ಇತ್ತ ಹಳೆಯ ಊರಿನ ಕೋರ್ಟಿನಲ್ಲಿ ಇನ್ನೂ ನೋಟಿಸು ಜಾರಿಯಾಗಿರುವುದಿಲ್ಲ, ‘ವಿಳಾಸದಲ್ಲಿ ಇಲ್ಲ’ ಎಂಬ ಷರಾದೊಂದಿಗೆ ಲಕೋಟೆ ಮರಳಿ ಬಂದಿರುತ್ತದೆ.

ಹೀಗಾಗಿ ನ್ಯಾಯಾಧೀಶರು ಕಡತ ತೆರೆಯುವ ಮೊದಲೇ ಕ್ಯಾಲೆಂಡರು ಅರ್ಧ ತೀರ್ಪು ಕೊಟ್ಟಿರುತ್ತದೆ. ಮಗು ಯಾರ ಬಳಿ ಇದೆಯೋ ಅವರಿಗೆ ತಡವೇ ಲಾಭ. ಇದನ್ನು ಚೆನ್ನಾಗಿ ಬಲ್ಲವರು ತಾರೀಖು ಕೇಳುತ್ತಲೇ ಹೋಗುತ್ತಾರೆ. ಯಾರನ್ನೋ ದೂರಲು ಈ ಮಾತು ಹೇಳುತ್ತಿಲ್ಲ. ಕಾನೂನಿನ ಮೌನವೇ ಅವರಿಗೆ ಆ ದಾರಿ ತೋರಿಸಿದೆ.

ಭಾಷೆಯ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ದೇಶದಲ್ಲಿ ರಾಜ್ಯದ ಗಡಿ ಎಂದರೆ ಹೆಚ್ಚಾಗಿ ಭಾಷೆಯ ಗಡಿ. ನಾಲ್ಕು ವರ್ಷದ ಮಗು ಹೊಸ ಭಾಷೆ ಕಲಿಯುವಷ್ಟೇ ಬೇಗ ಹಳೆಯದನ್ನು ಮರೆಯುತ್ತದೆ. ಕನ್ನಡ ಬಿಟ್ಟು ಬೇರೆ ಬಾರದ ಶಿರಸಿಯ ಅಜ್ಜನಿಗೂ ನಾಗಪುರದಲ್ಲಿ ಬೆಳೆಯುತ್ತಿರುವ ಮೊಮ್ಮಗನಿಗೂ ನಡುವೆ ಎರಡೇ ವರ್ಷದಲ್ಲಿ ಮಾತು ನಿಂತುಹೋಗಬಹುದು. ಆಮೇಲೆ ಭೇಟಿಯ ಆದೇಶ ಸಿಕ್ಕರೂ ಇಬ್ಬರೂ ಎದುರುಬದುರು ಕೂತು ಬಿಸ್ಕತ್ತು ತಿನ್ನಬೇಕಷ್ಟೆ. ಯಾವ ಆದೇಶದಲ್ಲೂ ಈ ನಷ್ಟ ಲೆಕ್ಕಕ್ಕೆ ಬರುವುದನ್ನು ನಾನು ಕಂಡಿಲ್ಲ.

ಹೊಸೂರಿಗೆ ಹೋಗಲು ದೆಹಲಿ ದಾರಿ

ಒಂದು ಜಗಳ ಸಾಮಾನ್ಯವಾಗಿ ಒಂದೇ ಕೋರ್ಟಿನಲ್ಲಿ ನಿಲ್ಲುವುದಿಲ್ಲ. 2003ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಂದ ತಿದ್ದುಪಡಿಯ ನಂತರ ಹೆಂಡತಿ ತಾನು ಈಗ ವಾಸಿಸುತ್ತಿರುವ ಊರಿನಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ, ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನ ಮ್ಯಾಜಿಸ್ಟ್ರೇಟರ ಬಳಿಯೂ ಹೋಗಬಹುದು; ಮಗುವಿನ ತಾತ್ಕಾಲಿಕ ಸುಪರ್ದಿ ಕೊಡುವ ಅಧಿಕಾರ ಅವರಿಗೂ ಇದೆ. ದೂರ ಪ್ರಯಾಣ ಮಾಡಲಾಗದ ಹೆಣ್ಣುಮಕ್ಕಳಿಗೆ ಇವು ದೊಡ್ಡ ಆಸರೆ. ಅತ್ತ ಗಂಡ ತನ್ನ ಊರಿನಲ್ಲಿ ‘ಜಿ ಅಂಡ್ ಡಬ್ಲ್ಯು’ ಹಾಕಿರುತ್ತಾನೆ. ಒಂದೇ ಮಗುವಿನ ಬಗ್ಗೆ ಎರಡು ರಾಜ್ಯಗಳಲ್ಲಿ ಮೂರು ಕಡತಗಳು ತೆರೆದುಕೊಳ್ಳುತ್ತವೆ.

ಇವನ್ನು ಒಂದೆಡೆ ತರುವುದು ಹೇಗೆ? ಎರಡೂ ಊರು ಒಂದೇ ರಾಜ್ಯದಲ್ಲಿದ್ದರೆ ಹೈಕೋರ್ಟು ಸಾಕು. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರು, ಆದರೂ ಪ್ರಕರಣವನ್ನು ಅಲ್ಲಿಂದ ಇಲ್ಲಿಗೆ ವರ್ಗಾಯಿಸಲು ನಮ್ಮ ಹೈಕೋರ್ಟಿಗೆ ಅಧಿಕಾರವಿದೆ. ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿಲೋಮೀಟರು. ಅತ್ತಿಬೆಲೆ ದಾಟಿದರೆ ಹೊಸೂರು. ಬೆಳಿಗ್ಗೆ ಅಲ್ಲಿಂದ ಬಂದು ಸಂಜೆ ಮರಳುವ ಸಾವಿರಾರು ನೌಕರರಿದ್ದಾರೆ. ಆದರೆ ಹೊಸೂರಿನ ಕೋರ್ಟಿನ ಪ್ರಕರಣ ಬೆಂಗಳೂರಿಗೆ ಬರಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಡಿ ಸುಪ್ರೀಂ ಕೋರ್ಟೇ ಹೇಳಬೇಕು. ಮಂಗಳೂರು–ಕಾಸರಗೋಡು, ಬೆಳಗಾವಿ–ಕೊಲ್ಹಾಪುರ, ಬಳ್ಳಾರಿ–ಅನಂತಪುರ, ಯಾವ ಗಡಿ ಜೋಡಿಗಾದರೂ ಇದೇ ಗತಿ. ಪಕ್ಕದ ಊರಿನ ತಾರೀಖಿಗಾಗಿ ದೆಹಲಿಯಲ್ಲಿ ವಕೀಲರನ್ನು ಹಿಡಿಯಬೇಕು.

ಇಂಥ ವರ್ಗಾವಣೆ ಅರ್ಜಿಗಳಲ್ಲಿ ಸುಪ್ರೀಂ ಕೋರ್ಟ್ ಬಹಳ ಕಾಲದಿಂದ ಹೆಂಡತಿಯ ಅನುಕೂಲಕ್ಕೆ ಹೆಚ್ಚು ತೂಕ ಕೊಡುತ್ತ ಬಂದಿದೆ. ಕೈಯಲ್ಲಿ ಕೂಸು, ಸಂಪಾದನೆ ಇಲ್ಲ, ಜೊತೆಗೆ ಬರುವವರಿಲ್ಲ ಎಂಬ ಸ್ಥಿತಿ ನಿಜವಾದುದರಿಂದ ಅದು ನ್ಯಾಯವೇ. ಈ ಅಲೆದಾಟ ತಪ್ಪಿಸಲೆಂದು 2017ರ ಮಾರ್ಚ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ವಿಡಿಯೊ ಮೂಲಕ ವಿಚಾರಣೆ ನಡೆಸುವ ದಾರಿ ತೋರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೂವರ ಪೀಠ ಅದನ್ನು ಬದಲಿಸಿತು. ರಾಜಿ ಮಾತುಕತೆಗೆ ಗಂಡ–ಹೆಂಡತಿ ಎದುರಿಗೇ ಕೂರಬೇಕು. ಮಾತುಕತೆ ಮುರಿದ ಮೇಲೆ, ಇಬ್ಬರೂ ಒಪ್ಪಿದರೆ ವಿಡಿಯೊ ಆಗಬಹುದು ಎಂದು ಬಹುಮತ ಹೇಳಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಒಪ್ಪದೆ ಭಿನ್ನ ತೀರ್ಪು ಬರೆದರು. ಕೋವಿಡ್ ಬಂದ ಮೇಲೆ ವಿಡಿಯೊ ಕಲಾಪ ಎಲ್ಲ ಕೋರ್ಟುಗಳಿಗೂ ರೂಢಿಯಾಯಿತು. ಅವರ ಭಿನ್ನ ಮತವೇ ಕಾಲಕ್ಕೆ ಹತ್ತಿರವಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಪೊಲೀಸರು, ಹೇಬಿಯಸ್ ಮತ್ತು ಆದೇಶದ ಕಾಗದ

ಮಗುವನ್ನು ಕರೆದೊಯ್ದ ಸುದ್ದಿ ತಿಳಿದ ತಕ್ಷಣ ಎಲ್ಲರೂ ಓಡುವುದು ಪೊಲೀಸ್ ಠಾಣೆಗೆ. ಅಲ್ಲಿ ಸಿಗುವ ಉತ್ತರ ‘ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ’. ಕೇಳಲು ಕಠಿಣವಾದರೂ ಉತ್ತರದಲ್ಲಿ ಹುರುಳಿದೆ. ತಂದೆಯಾಗಲಿ ತಾಯಿಯಾಗಲಿ ಕಾನೂನಿನ ಕಣ್ಣಿನಲ್ಲಿ ಹೊರಗಿನವರಲ್ಲ. ನ್ಯಾಯಾಲಯದ ಆದೇಶ ಇಲ್ಲದಿರುವಾಗ ಸ್ವಂತ ಮಗುವನ್ನು ಕರೆದೊಯ್ದದ್ದು ಸಾಮಾನ್ಯವಾಗಿ ಅಪಹರಣವೆನಿಸುವುದಿಲ್ಲ.

ಮುಂದಿನ ಹೆಜ್ಜೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್. ಅಕ್ರಮವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ಮುಂದೆ ತಂದು ನಿಲ್ಲಿಸಿ ಎನ್ನುವ ಅರ್ಜಿ ಅದು. ವರ್ಷಗಟ್ಟಲೆ ಕಾಯಬೇಕಿಲ್ಲ ಎಂಬ ಕಾರಣಕ್ಕೆ ಇದರ ಕಡೆ ಒಲವು ಹೆಚ್ಚು. ಆದರೆ ಇದು ಅಸಾಧಾರಣ ಸಂದರ್ಭದ ದಾರಿ, ಮಗುವನ್ನು ಇಟ್ಟುಕೊಂಡವರಿಗೆ ಕಾನೂನುಬದ್ಧ ಹಕ್ಕಿಲ್ಲವೆಂದು ತೋರಿಸಬೇಕು, ವಿವರವಾದ ವಿಚಾರಣೆ ಬೇಕಾದರೆ ಪಾಲಕತ್ವದ ಕೋರ್ಟಿಗೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಎಂದರೆ ಮತ್ತೆ ಅದೇ ಬಾಗಿಲು.

ಆದೇಶ ಕೈಗೆ ಬಂದ ಮೇಲಾದರೂ ನೆಮ್ಮದಿಯೇ? ಸಂವಿಧಾನದ 261ನೇ ವಿಧಿಯ ಪ್ರಕಾರ ಒಂದು ರಾಜ್ಯದ ಸಿವಿಲ್ ಕೋರ್ಟಿನ ಅಂತಿಮ ತೀರ್ಪು ದೇಶದ ಯಾವ ಮೂಲೆಯಲ್ಲಾದರೂ ಜಾರಿಯಾಗಬಲ್ಲದು. ಜಾರಿಗೆ ಅದನ್ನು ಆ ಊರಿನ ಕೋರ್ಟಿಗೆ ಕಳಿಸಬೇಕು. ಹಣ, ಹೊಲ, ಮನೆಯ ವಿಷಯದಲ್ಲಿ ಈ ಏರ್ಪಾಡು ನಡೆಯುತ್ತದೆ. ಅಳುತ್ತ ಕಂಬ ತಬ್ಬಿಕೊಂಡ ಮಗುವನ್ನು ಅಮೀನ ಹೇಗೆ ವಶಪಡಿಸಿಕೊಳ್ಳುತ್ತಾನೆ? ಹಾಗೆ ಮಾಡಿಸಬಾರದೆಂದು ಗೊತ್ತಿರುವುದರಿಂದಲೇ ಕೋರ್ಟುಗಳು ಹಿಂಜರಿಯುತ್ತವೆ. ಆ ಹಿಂಜರಿಕೆಯೂ ಮಗುವನ್ನು ಇಟ್ಟುಕೊಂಡವರ ಲಾಭಕ್ಕೇ ಹೋಗುತ್ತದೆ.

‘ನಿನಗೆ ಯಾರ ಜೊತೆ ಇರಬೇಕು?’

ನ್ಯಾಯಾಧೀಶರು ಒಮ್ಮೊಮ್ಮೆ ಮಗುವನ್ನು ಚೇಂಬರಿಗೆ ಕರೆದು, ಚಾಕೊಲೇಟು ಕೊಟ್ಟು ಮಾತಾಡಿಸುತ್ತಾರೆ. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನು ಪರಿಗಣಿಸಬಹುದು ಎಂದು 1890ರ ಕಾಯ್ದೆಯೇ ಹೇಳುತ್ತದೆ. ಪರಿಗಣಿಸಬಹುದು, ಅಷ್ಟೇ, ಮಗು ಹೇಳಿದ್ದೇ ಅಂತಿಮವಲ್ಲ.

ಇದಕ್ಕೆ ಕಾರಣವಿದೆ. ಎರಡು ವರ್ಷ ತುಂಬುವ ಮೊದಲೇ ತಾಯಿಯಿಂದ ಬೇರೆಯಾಗಿ ತಂದೆಯ ಮನೆಯಲ್ಲಿ ಬೆಳೆದ, ಎಂಟು ವರ್ಷದ ಹುಡುಗಿಯೊಬ್ಬಳ ಪ್ರಕರಣ 2017ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಅವಳಿಗೆ ತಂದೆಯೇ ಬೇಕಿತ್ತು. ತಾಯಿಯ ಜೊತೆ ಬದುಕಿಯೇ ಇಲ್ಲದ ಮಗು ಇನ್ನೇನು ಹೇಳೀತು ಎಂಬುದು ನ್ಯಾಯಾಲಯದ ಯೋಚನೆಯಾಗಿತ್ತು. ಮಗುವಿನ ಮನಸ್ಸನ್ನು ಒಬ್ಬ ಪೋಷಕರಿಂದ ದೂರ ಮಾಡುವ ಪ್ರವೃತ್ತಿಯ ಬಗ್ಗೆಯೂ ಆ ತೀರ್ಪು ಬರೆಯಿತು. ಕನಿಷ್ಠ ಒಂದು ವರ್ಷ ತಾಯಿಯ ಬಳಿ ಇದ್ದು ನೋಡಲಿ ಎಂದು ಹೇಳಿತು.

ಊರು ದೂರವಾದಷ್ಟೂ ಮಗುವಿನ ಮನಸ್ಸನ್ನು ದೂರ ಮಾಡುವ ಕೆಲಸ ಸಲೀಸು. ಕೆಟ್ಟ ಮಾತು ಆಡಬೇಕೆಂದೂ ಇಲ್ಲ. ಫೋನು ಬಂದಾಗ ‘ಮಲಗಿದೆ’, ಮತ್ತೆ ಬಂದಾಗ ‘ಟ್ಯೂಷನ್‌ಗೆ ಹೋಗಿದೆ’, ಇನ್ನೊಮ್ಮೆ ‘ನೆಟ್‌ವರ್ಕ್ ಸರಿಯಿಲ್ಲ’. ಆರು ತಿಂಗಳು ಹೀಗೆ ನಡೆದರೆ ಅಪ್ಪ ಅಥವಾ ಅಮ್ಮ ಒಂದು ಫೋಟೊ ಆಗಿಬಿಡುತ್ತಾರೆ.

ಅಮೆರಿಕದ ಆರು ತಿಂಗಳು

ರಾಜ್ಯ ರಾಜ್ಯಗಳ ನಡುವಿನ ಈ ಎಳೆದಾಟವನ್ನು ನಮಗಿಂತ ಮೊದಲು ಎದುರಿಸಿದ್ದು ಅಮೆರಿಕ. ಅಲ್ಲಿ 50 ರಾಜ್ಯಗಳು, ಕುಟುಂಬದ ಕಾನೂನು ರಾಜ್ಯಕ್ಕೊಂದು. ಒಂದು ರಾಜ್ಯದಲ್ಲಿ ಸೋತವರು ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಇನ್ನೊಂದು ರಾಜ್ಯಕ್ಕೆ ಹೋಗಿ ಹೊಸ ಆದೇಶ ತರುತ್ತಿದ್ದರು. ಇದನ್ನು ನಿಲ್ಲಿಸಲು 1968ರಲ್ಲಿ ಒಂದು ಮಾದರಿ ಕಾನೂನು, 1980ರಲ್ಲಿ ಕೇಂದ್ರದ ಕಾನೂನು, 1997ರಲ್ಲಿ ಮತ್ತೊಂದು ಸುಧಾರಿತ ಮಾದರಿ ಕಾನೂನು ಬಂದವು. ಕೊನೆಯದನ್ನು ಬಹುತೇಕ ಎಲ್ಲ ರಾಜ್ಯಗಳೂ ಒಪ್ಪಿಕೊಂಡಿವೆ.

ನಿಯಮ ಸರಳ. ಅರ್ಜಿ ಹಾಕುವ ಮುಂಚಿನ ಆರು ತಿಂಗಳು ಮಗು ಎಡೆಬಿಡದೆ ಎಲ್ಲಿತ್ತೋ ಅದು ಅದರ ‘ತವರು ರಾಜ್ಯ’. ಮಗುವನ್ನು ಬೇರೆಡೆಗೆ ಒಯ್ದರೂ, ಹಿಂದೆ ಉಳಿದವರು ಆರು ತಿಂಗಳೊಳಗೆ ಬಾಗಿಲು ತಟ್ಟಿದರೆ ಅಧಿಕಾರ ಹಳೆಯ ರಾಜ್ಯದ್ದೇ. ಇನ್ನೊಂದು ರಾಜ್ಯದ ಕೋರ್ಟು ಆ ಆದೇಶವನ್ನು ಗೌರವಿಸಬೇಕು. ಹಿಂಸೆಯಿಂದ ತಪ್ಪಿಸಿಕೊಂಡು ಬಂದವರಿಗೆ ಮಾತ್ರ, ಬಂದಿಳಿದ ರಾಜ್ಯದ ಕೋರ್ಟು ತುರ್ತು ತಾತ್ಕಾಲಿಕ ರಕ್ಷಣೆ ಕೊಡಬಹುದು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡದ ದಂಪತಿ ಬೇರೆಯಾಗಿ ಒಬ್ಬರು ಟೆಕ್ಸಾಸಿಗೆ ಹೋದರೂ ಅನ್ವಯವಾಗುವುದು ಇದೇ. ಅವರಲ್ಲೊಬ್ಬರು ಮಗುವಿನೊಂದಿಗೆ ಮೈಸೂರಿಗೆ ಬಂದುಬಿಟ್ಟರೆ ಕಥೆ ಬೇರೆ. ದೇಶಗಳ ನಡುವೆ ಮಕ್ಕಳನ್ನು ಮರಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಆರು ತಿಂಗಳು ಎಂಬ ಸಂಖ್ಯೆಯಲ್ಲಿ ಮಂತ್ರವೇನೂ ಇಲ್ಲ. ಆದರೆ ಒಂದು ಸಂಖ್ಯೆ ಬರೆದಿಟ್ಟಾಗ ಓಡುವುದರಿಂದ ಲಾಭವಿಲ್ಲವೆಂದು ಇಬ್ಬರಿಗೂ ಮೊದಲೇ ಗೊತ್ತಾಗುತ್ತದೆ. ನಮ್ಮ ಒಂಬತ್ತನೇ ಕಲಮಿಗೆ ಬೇಕಾದದ್ದು ಇಂಥ ಒಂದು ವಾಕ್ಯ, ಜೊತೆಗೆ ದೌರ್ಜನ್ಯಕ್ಕೆ ಸಿಕ್ಕವರಿಗಾಗಿ ಒಂದು ತುರ್ತು ಬಾಗಿಲು. 135 ವರ್ಷ ದಾಟಿದ ಕಾಯ್ದೆಗೆ ಅಷ್ಟು ತಿದ್ದುಪಡಿ ಹೆಚ್ಚೇನಲ್ಲ.

ಹಂಚಿಕೊಳ್ಳುವ ದಾರಿಗಳು

ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಎಂದು ಮಗುವಿನ ವರ್ಷವನ್ನು ಇಬ್ಬರಿಗೂ ಹಂಚಿತು. ದೇಶದಲ್ಲಿ ಜಂಟಿ ಸುಪರ್ದಿಯ ಮಾತು ಬಂದಾಗಲೆಲ್ಲ ಈ ತೀರ್ಪನ್ನು ನೆನೆಯುತ್ತಾರೆ. ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ 2015ರ ಮೇ ತಿಂಗಳಲ್ಲಿ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಯನ್ನು ಕಾನೂನಿನಲ್ಲೇ ಸೇರಿಸಲು ಶಿಫಾರಸು ಮಾಡಿತು. ಆ ವರದಿ ಕಾನೂನಾಗಲಿಲ್ಲ.

ಎರಡು ರಾಜ್ಯಗಳ ತಂದೆ–ತಾಯಿಗೆ ಅರ್ಧ ವರ್ಷದ ಹಂಚಿಕೆ ಒಗ್ಗುವುದಿಲ್ಲ. ಜುಲೈಯಲ್ಲಿ ಶಾಲೆ, ಸಿಲೆಬಸ್ಸು, ಎರಡನೇ ಭಾಷೆ ಎಲ್ಲವೂ ಬದಲಾದರೆ ಮಗು ಎರಡು ಕಡೆಯೂ ಅತಿಥಿಯಾಗುತ್ತದೆ. ಅವರಿಗೆ ಒಗ್ಗುವುದು ರಜೆಯ ಹಂಚಿಕೆ. ಶಾಲೆಯ ದಿನಗಳು ಒಬ್ಬರ ಬಳಿ. ಬೇಸಿಗೆಯ ಹೆಚ್ಚು ಭಾಗ, ದಸರೆ, ಒಂದು ವರ್ಷ ಬಿಟ್ಟು ಒಂದು ವರ್ಷ ದೀಪಾವಳಿ ಇನ್ನೊಬ್ಬರ ಬಳಿ. ಪ್ರಯಾಣದ ಖರ್ಚು ಯಾರದು, ಯಾವ ನಿಲ್ದಾಣದಲ್ಲಿ ಕೈಬದಲು, ರೈಲು ತಡವಾದರೆ ಏನು, ಅಂಕಪಟ್ಟಿ ಇಬ್ಬರಿಗೂ ಹೇಗೆ ತಲುಪಬೇಕು, ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು. ಬಿಡಿಸಿ ಬರೆಯದ ಒಪ್ಪಂದ ಮೊದಲ ಬೇಸಿಗೆಯಲ್ಲೇ ಮುರಿಯುತ್ತದೆ.

ಇಂಥ ವಿವರಗಳನ್ನು ವಾದದಲ್ಲಿ ಗೆದ್ದು ಪಡೆಯುವುದು ಕಷ್ಟ, ಕೂತು ಮಾತಾಡಿ ಪಡೆಯುವುದು ಸಾಧ್ಯ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ಜಿಲ್ಲೆಗಳಲ್ಲೂ ಈ ವ್ಯವಸ್ಥೆಯಿದೆ. ಎರಡು ರಾಜ್ಯಗಳ ಎಲ್ಲ ಕಡತಗಳನ್ನೂ ಒಂದೇ ಒಪ್ಪಂದದಲ್ಲಿ ಮುಚ್ಚಲು ಇಲ್ಲಿ ಅವಕಾಶವಿದೆ. ವಕೀಲರ ಶುಲ್ಕಕ್ಕೆ ಹಣವಿಲ್ಲದ ಹೆಂಗಸರು ಒಂದು ವಿಷಯ ತಿಳಿದಿರಲಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಮತ್ತು ಮಕ್ಕಳು, ಆದಾಯ ಎಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು. ಸಹಾಯವಾಣಿಯ ಸಂಖ್ಯೆ 15100.

ಐದರಿಂದ ಹತ್ತು ನಿಮಿಷ

2020ರ ಜನವರಿಯಲ್ಲಿ ನ್ಯಾಯಮೂರ್ತಿ ದೀಪಕ್ ಗುಪ್ತ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಒಂದು ತೀರ್ಪಿನಲ್ಲಿ ಭೇಟಿಯ ಹಕ್ಕಿನ ಜೊತೆಗೆ ‘ಸಂಪರ್ಕದ ಹಕ್ಕು’ ಎಂಬುದನ್ನು ಎತ್ತಿ ಹೇಳಿತು. ತಂದೆ–ತಾಯಿ ಬೇರೆ ರಾಜ್ಯ ಅಥವಾ ಬೇರೆ ದೇಶಗಳಲ್ಲಿರುವಾಗ ಇದು ವಿಶೇಷವಾಗಿ ಮುಖ್ಯ, ಫೋನಿಗಿಂತ ವಿಡಿಯೊ ಕರೆ ಉತ್ತಮ, ಮಗು ಬಳಿಯಿಲ್ಲದ ಪೋಷಕರಿಗೆ ದಿನವೂ ಐದರಿಂದ ಹತ್ತು ನಿಮಿಷ ಮಾತಾಡುವ ಹಕ್ಕಿರಬೇಕು ಎಂಬುದು ಅದರ ಅಭಿಪ್ರಾಯ. ನಾನು ಓದಿದ ಸುಪರ್ದಿ ತೀರ್ಪುಗಳಲ್ಲಿ ಮಗುವಿನ ದಿನಚರಿಗೆ ಇಷ್ಟು ಹತ್ತಿರ ಬಂದ ಮಾತು ಇನ್ನೊಂದಿಲ್ಲ.

ಈ ಹಕ್ಕನ್ನು ಮೊದಲ ತಾರೀಖಿನಲ್ಲೇ ಕೇಳಿ ಎಂದು ಇಂಥ ಕಷ್ಟದಲ್ಲಿರುವವರಿಗೆ ಹೇಳಬೇಕೆನಿಸುತ್ತದೆ. ಯಾವ ಕೋರ್ಟಿಗೆ ಅಧಿಕಾರ ಎಂಬ ವಾದ ನಡೆಯುತ್ತಿರಲಿ, ವರ್ಗಾವಣೆ ಅರ್ಜಿ ದೆಹಲಿಯಲ್ಲಿ ಕಾಯುತ್ತಿರಲಿ, ಮಧ್ಯಂತರ ಆದೇಶದಲ್ಲಿ ದಿನದ ಕರೆ ಸೇರಿಸಿಕೊಳ್ಳಲು ಯಾವ ವಾದವೂ ಅಡ್ಡಿಯಾಗಬೇಕಿಲ್ಲ. ಮಗುವಿಗೆ ಅಪಾಯವಿದೆ ಎನ್ನುವವರು ಅದನ್ನು ನ್ಯಾಯಾಧೀಶರಿಗೆ ಹೇಳಿ ಭೇಟಿಯನ್ನೇ ತಡೆಯಬಹುದು, ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅದಕ್ಕೆ ಜಾಗವಿದೆ. ಅಪಾಯವಿಲ್ಲದ ಕಡೆ ಕರೆಯನ್ನು ತಡೆಯುವುದು ಮಗುವಿನ ಪಾಲನ್ನು ತಡೆದಂತೆ.

ಕೊನೆಯ ಮಾತು ಮನೆಯ ಹಿರಿಯರಿಗೆ. ಮಗಳೋ ಮಗನೋ ಮಗುವನ್ನು ಕರೆದುಕೊಂಡು ಬೇರೆ ರಾಜ್ಯದಿಂದ ನಿಮ್ಮ ಮನೆಗೆ ಬಂದಿದ್ದರೆ, ಸಂಜೆ ಆ ಫೋನು ಎತ್ತುವವರು ಹೆಚ್ಚಾಗಿ ನೀವೇ. ಬೀಗರ ಮೇಲೆ ಎಷ್ಟೇ ಕೋಪವಿರಲಿ, ಇವತ್ತು ಕರೆ ಬಂದರೆ ‘ಮಲಗಿದೆ’ ಎನ್ನಬೇಡಿ. ಫೋನನ್ನು ಮಗುವಿನ ಕೈಗೆ ಕೊಟ್ಟು, ಹತ್ತು ನಿಮಿಷ ಪಕ್ಕದ ಕೋಣೆಗೆ ಹೋಗಿ ಕೂತುಕೊಳ್ಳಿ.